ಆ ಹಿಪ್ ಹಾಪ್ ಸೀಡಿ ಕೊಳ್ಳಬೇಕೇ, ಬೇಡವೇ

ಮೊನ್ನೆ ಬೆಹಾಲಾ ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುತ್ತ ನಿಂತಿದ್ದಾಗ ಎದುರಿನ ಹಾಡಿನ ಅಂಗಡಿಯ ಗಾಜಿನ ಮೇಲೆ ಹೊಸ ಪೋಸ್ಟರ್ ಕಂಡಿತು. ನಾಲ್ವರು ಹುಡುಗರು, ಎಲ್ಲರದೂ ಗಂಟುಮುಖ, ಯಾರಿಗೋ ಬೈಯುವಂತೆ ಬೆರಳುಗಳನ್ನು ತಿರುಚಿಕೊಂಡು ನಿಂತಿದ್ದಾರೆ. ಇಷ್ಟು ವರ್ಷಗಳ ಅವರ ಅತ್ಯುತ್ತಮ ಹಾಡುಗಳೆಲ್ಲ ಒಂದೇ ಸೀಡಿಯಲ್ಲಿ ಬಂದಿವೆಯಂತೆ. ಮೊಣಕಾಲು ನೋವಿನ ನನ್ನಂಥ ಹೆಂಗಸು ಹಿಪ್ ಹಾಪ್ ಗುಂಪೊಂದನ್ನು ಮುಖ ನೋಡಿಯೇ ಗುರುತಿಸಿದಳೆಂದರೆ ನಿಮಗೆ ನಗು ಬರಬಹುದು. ನಗಿ, ಪರವಾಗಿಲ್ಲ.

ಸೆಕ್ಟರ್ ಫೈವ್‌ನ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗಳು ಮೇಘಾಗೆ ಅಲ್ಲಿಂದಲೇ ಫೋನ್ ಮಾಡಿ, ಕೊಳ್ಳಲೇನೇ ಎಂದು ಕೇಳಿದೆ.

“ಅಮ್ಮಾ, ಪ್ಲೀಸ್! ಎಲ್ಲಾ ಸಾಂಗ್ಸ್ ನಿನ್ನ ಫೋನ್‌ನಾಗೇ ಅವ. ಸೀಡಿ ಯಾರ್ ತಗೋತಾರ ಈಗ? ಗ್ರೇಟೆಸ್ಟ್ ಹಿಟ್ಸ್ ಅಂದ್ರ ಹಳೇದ್ನ ಪಾಲಿಶ್ ಮಾಡಿ ಮಾರೋದು, ಬಸ್.”

ಅವಳ ಕನ್ನಡ ಹೀಗೆಯೇ. ಧಾರವಾಡದಲ್ಲಿ ಹೊರಟು ಹೌರಾದಲ್ಲಿ ಇಳಿಯುತ್ತದೆ. ಅವಳು ಹೇಳಿದ್ದೇನೋ ಸರಿಯೇ. ಆದರೂ ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಯಾಕೆಂದು ತಿಳಿಯಬೇಕಾದರೆ ನೀವು ನಮ್ಮವರ ಕತೆ ಕೇಳಬೇಕು.

ನಮ್ಮವರು ಧಾರವಾಡದಿಂದ ಬಂಗಾಳಕ್ಕೆ ಬಂದು, ಇಲ್ಲಿನ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಾತಿನ ಮಲ್ಲ. ಬಂಗಾಳಿಗಳೊಂದಿಗೆ ಬಂಗಾಳಿಯಲ್ಲೇ ವಾದಕ್ಕಿಳಿದು ಗೆದ್ದು ಬರುವ ಮನುಷ್ಯ. ಮೇಘಾ ಕಾಲೇಜಿನಲ್ಲಿದ್ದಾಗ ಈ ಗುಂಪಿನ ಹಾಡುಗಳನ್ನು ಮನೆಯ ಗೋಡೆ ಅದುರುವಂತೆ ಹಾಕುತ್ತಿದ್ದಳು. “ಏನ್ ಗದ್ದಲವಾ ಅದು? ಹಾಡೋ, ಜಗಳೋ?” ಎಂದು ಇವರು ಕೂಗುತ್ತಿದ್ದರು. ಹುಡುಗರು ಹಡಗು ಕಟ್ಟುವ ಗಾರ್ಡನ್ ರೀಚ್ ಕಡೆಯವರು. ಅವರ ಒಂದು ಹಾಡಂತೂ ಇಡಿಯಾಗಿ ಬಸ್ಸಿನ ಕುರಿತೇ ಇತ್ತು. ನಿಜವಾದ ಬಸ್ಸಿನಲ್ಲಿ, ನಿಜವಾದ ಕಂಡಕ್ಟರನ ಕೂಗನ್ನೇ ಹಿಡಿದು ಪಲ್ಲವಿ ಮಾಡಿಕೊಂಡಿದ್ದರು: “ಆಸ್ತೆ ಲೇಡೀಸ್, ಕೋಲೆ ಬಾಚ್ಚಾ!” ನಿಧಾನ, ಹೆಂಗಸರು ಇಳೀತಿದ್ದಾರೆ, ಕಂಕುಳಲ್ಲಿ ಕೂಸಿದೆ ಅಂತ. ಇವರು ಸಿಟ್ಟಿನಿಂದ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆದರೆ ಬಾಗಿಲು ಹಾಕಿದರೆ ಹಾಡು ನಿಲ್ಲುತ್ತದೆಯೇ?

ಒಂದು ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಅವರ ಕೈಯಲ್ಲಿದ್ದ ಕಪ್ಪು ಓರೆಯಾಯಿತು. ನೋಡಿದರೆ ಬಾಯಿಯೂ ಓರೆಯಾಗಿತ್ತು. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಾಲಿಗೆ ಒಂದಷ್ಟು ಬಲ ಬಂದಿತ್ತು. ಮಾತು ಮಾತ್ರ ಬರಲಿಲ್ಲ. ನಾವು ಆಡಿದ್ದೆಲ್ಲ ತಿಳಿಯುತ್ತಿತ್ತು. ಉತ್ತರ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ನನ್ನ ಹೆಸರು ಹೇಳಲು ಹೋಗಿ ಆಗದೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅವರ ಬೈಗುಳಕ್ಕೆ ಬೇಸತ್ತಿದ್ದ ನಾನು ಆ ಮೌನದಲ್ಲಿ ಒಂದು ಬೈಗುಳಕ್ಕಾಗಿ ಕಾದು ಕುಳಿತಿರುತ್ತಿದ್ದೆ.

ಹೀಗಿರುವಾಗ ಒಂದು ದಿನ ಅವರನ್ನು ಹಾಸಿಗೆಯಿಂದ ಎಬ್ಬಿಸಿ ನಡೆಸುತ್ತಿದ್ದೆ. ಸೀರೆಯ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿದೆ. ಬೆನ್ನ ಹಿಂದಿನಿಂದ ಸ್ಪಷ್ಟವಾಗಿ, ತಾಳ ತಪ್ಪದೆ ಕೇಳಿಸಿತು: “ಆಸ್ತೆ ಲೇಡೀಸ್, ಕೋಲೆ ಬಾಚ್ಚಾ!”

ನಾನು ನೆಲದ ಮೇಲೆ ಕುಳಿತೇಬಿಟ್ಟೆ. ನಕ್ಕೆನೋ ಅತ್ತೆನೋ ಈಗ ಹೇಳಲಾರೆ. ಅವರಂತೂ ಬೇರೆ ಯಾರೋ ಮಾತಾಡಿದರೆಂಬಂತೆ ಸುತ್ತ ನೋಡುತ್ತಿದ್ದರು.

ಮಾತು ಕಲಿಸಲು ಬರುತ್ತಿದ್ದ ಬಂಗಾಳಿ ಡಾಕ್ಟರಮ್ಮನಿಗೆ ಇದನ್ನು ಹೇಳಿದಾಗ ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. ಮಾತು ನಿಂತವರಲ್ಲಿ ಎಷ್ಟೋ ಸಲ ಹಾಡು ಉಳಿದಿರುತ್ತದೆ, ಬಿಡಬೇಡಿ, ಅದನ್ನೇ ಹಿಡಿಯಿರಿ ಎಂದರು. ಮೇಘಾ ಆಫೀಸಿನಿಂದ ಬಂದವಳೇ ಹಾಡು ಹಾಕಿ ಅಪ್ಪನ ಮೊಣಕಾಲಿನ ಮೇಲೆ ತಾಳ ತಟ್ಟುತ್ತಿದ್ದಳು. ಪಲ್ಲವಿ ಸಲೀಸಾದ ಮೇಲೆ ಅದೇ ತಾಳಕ್ಕೆ ಬೇರೆ ಮಾತು ಕೂಡಿಸಿದೆವು. “ನೀರು ಬೇಕು, ನೀರು ಬೇಕು.” “ಸಾಕು ಸಾಕು, ಅನ್ನ ಸಾಕು.” ನಾನೂ ಸೌಟು ಹಿಡಿದು “ಉಪ್ಪು ಹೆಚ್ಚೇನು, ಖಾರ ಕಮ್ಮೇನು” ಎಂದು ಕೇಳುತ್ತಿದ್ದೆ. ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದು, ಬಾಲ್ಯದಲ್ಲಿ ಸಂಗೀತದ ಮೇಷ್ಟರಿಂದ ‘ತಾಳಜ್ಞಾನವಿಲ್ಲ’ ಎಂದು ಅನ್ನಿಸಿಕೊಂಡಿದ್ದವಳು ನಾನು!

ಹೀಗೆ ಮಾತು ಬಂತು. ಆದರೆ ಹೊಸ್ತಿಲೊಳಗೆ ಮಾತ್ರ. ಹೊರಗೆ ಹೋದರೆ ತುಟಿ ಬಿಚ್ಚುತ್ತಿರಲಿಲ್ಲ. ಮಾತು ತೊದಲುವುದು ಬೇರೆಯವರಿಗೆ ಕೇಳಿಸಬಾರದೆಂಬ ಹಟ. ಧಾರವಾಡದಿಂದ ಅವರ ಅಣ್ಣ ಫೋನ್ ಮಾಡಿದರೆ ಕೈಸನ್ನೆಯಲ್ಲೇ ಬೇಡವೆನ್ನುತ್ತಿದ್ದರು. “ಮಲಗ್ಯಾರ್ರಿ,” ಎನ್ನುತ್ತಿದ್ದೆ ನಾನು. ಒಮ್ಮೆ ಆ ಹಿರಿಯರು, “ಅಂವಗ ನನ್ನ ಮ್ಯಾಲೆ ಸಿಟ್ಟೇನವಾ?” ಎಂದು ಕೇಳಿಯೂಬಿಟ್ಟರು.

ಈಗ ತಿಳಿಯಿತಲ್ಲ, ಪೋಸ್ಟರಿನ ಮುಂದೆ ನಾನೇಕೆ ನಿಂತೆನೆಂದು. ಮರುದಿನ ಸಂಜೆ ನಮ್ಮವರನ್ನೂ ಕರೆದುಕೊಂಡು ಹೋದೆ. ಅವರು ಕೋಲೂರಿಕೊಂಡು ಎಂದಿನಂತೆ ನನ್ನ ಹಿಂದೆ ನಿಂತರು. ಅಂಗಡಿಯ ಯಜಮಾನರು ಅತ್ತಿಗೆಗೆ ಹೇಳುವಂತೆ, “ಕೇಳಿ ನೋಡಿ ಬೌದಿ,” ಎಂದು ಬಸ್ಸಿನ ಹಾಡನ್ನೇ ಹಾಕಿದರು. ಮೊದಲು ಪಿಟೀಲು ಬಂತು. ಆಮೇಲೆ ಹುಡುಗಿಯೊಬ್ಬಳ ಇಂಪಾದ ದನಿ, ಜೋಗುಳ ಹಾಡುವಂತೆ, “ಆಸ್ತೆ ಲೇಡೀಸ್” ಎಂದಿತು.

ಹಿಂದೆ ಕೋಲು ನೆಲಕ್ಕೆ ಬಡಿಯಿತು. “ಎಟಾ ಶೇಟಾ ನೋಯ್!” ಇದು ಅದಲ್ಲ ಎನ್ನುತ್ತಿದ್ದರು ನಮ್ಮವರು, ಬಂಗಾಳಿಯಲ್ಲಿ.

“ಹಾಡು ಅದೇ ದಾದಾ,” ಎಂದರು ಯಜಮಾನರು.

“ಅದೇ... ಅಲ್ಲ! ಕಂಡಕ್ಟರ್... ಕಂಡಕ್ಟರ್ ಎಲ್ಲಿ?”

“ಹೊಸದಾಗಿ ರೆಕಾರ್ಡ್ ಮಾಡಿದ್ದಾರೆ. ಕೇಳಲು ಚೆನ್ನಾಗಿರಲಿ ಅಂತ.”

“ಬಸ್ಸಿನಲ್ಲಿ... ಪಿಟೀಲು... ಯಾರು ಬಾರಿಸ್ತಾರೆ?”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಮ್ಮವರಿಗೆ ಅದರ ಪರಿವೆಯೇ ಇರಲಿಲ್ಲ. ಮಾತು ತೊದಲುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು. ಯಜಮಾನರೂ ಪಾಪ, ಪ್ರತಿ ಮಾತಿಗೂ ಕಾದು ಪಟ್ಟುಬಿಡದೆ ಉತ್ತರ ಕೊಟ್ಟರು. ನನ್ನ ಕಣ್ಣು ಮಂಜಾಗಿ ಕಪಾಟಿನ ಕಡೆ ಮುಖ ಮಾಡಿದೆ. “ಹಂಗಾರ ಬ್ಯಾಡ ಬಿಡ್ರಿ, ಹೋಗೋಣು,” ಎಂದೆ.

“ಬ್ಯಾಡ ಯಾಕ? ತಗೋ. ಇನ್ನೂ... ಏನೇನ್ ಕೆಡಿಸ್ಯಾರ... ಪೂರಾ ಕೇಳಬೇಕು.”

ನೀವು ಕೊಳ್ಳಬೇಕೇ ಎಂದು ಕೇಳಿದರೆ, ಬರೀ ಹಾಡಿಗಾಗಿಯಾದರೆ ಬೇಡ ಎನ್ನುತ್ತೇನೆ. ಹಡಗು ಕಟ್ಟುವವರ ಮೇಲಿನ ಹಾಡೊಂದನ್ನು ಹಾಗೆಯೇ ಬಿಟ್ಟಿದ್ದಾರೆ, ಅದು ಚೆನ್ನಾಗಿದೆ. ಉಳಿದವನ್ನೆಲ್ಲ ತಿಕ್ಕಿ ತೊಳೆದು ಅತ್ತರು ಪೂಸಿದ್ದಾರೆ. ಮಗಳು ಹೇಳಿದ್ದೇ ನಿಜ.

ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿದ್ದಾಗ ಹೊರಗೆ ಇವರ ದನಿ ಕೇಳಿಸಿತು. ಇಣುಕಿದರೆ ಕೈಯಲ್ಲಿ ಫೋನಿದೆ. ಆ ತುದಿಯ ದನಿ ನನಗೂ ಕೇಳುವಷ್ಟು ಜೋರಾಗಿತ್ತು: “ಯಾರ್ರೀ ಮಾತಾಡೋದು?”

“ನಾನ... ಅಣ್ಣಾ. ಮತ್ತ ಯಾರು?”

ಅತ್ತ ಕಡೆ ಮೂಗೊರೆಸಿಕೊಂಡ ಸದ್ದು. ಇವರು ಅದಕ್ಕೆಲ್ಲ ಕಾಯಲಿಲ್ಲ. “ಕೇಳ್ ಇಲ್ಲೆ... ಇಲ್ಲಿ ಒಂದ್ ಹಾಡಿನ... ಸತ್ಯಾನಾಶ ಮಾಡ್ಯಾರ,” ಎಂದು ಮೊದಲಿನಿಂದ ಶುರು ಮಾಡಿದರು. ನಾನು ಸೀಟಿ ಕೂಗದಿರಲೆಂದು ಕುಕ್ಕರಿನ ಉರಿ ಆರಿಸಿ ಬಾಗಿಲಲ್ಲೇ ಕುಳಿತುಕೊಂಡೆ. ಇವತ್ತು ನಮ್ಮ ಮನೆಯಲ್ಲಿ ಊಟ ತಡ.