ಕೈಗವಸಿನ ಒಂದು ಬೆರಳು

ಮೊನ್ನೆ ಟ್ರಂಕಿನ ತಳದಲ್ಲಿ ಹಸಿರು ಉಣ್ಣೆಯ ತುಂಡೊಂದು ಸಿಕ್ಕಿತು. ಕೈಗವಸಿನಿಂದ ಕತ್ತರಿಸಿದ ಒಂದೇ ಒಂದು ಬೆರಳು, ನುಸಿಗುಳಿಗೆಯ ವಾಸನೆ. "ಇಲಿ ಕಡದಿರಬೇಕು, ಒಗಿ ಅತ್ಲಾಗ" ಎಂದರು ನಮ್ಮೆಜಮಾನರು. ನಾನು ಒಗೆಯಲಿಲ್ಲ. ಮುಷ್ಟಿಯಲ್ಲಿ ಹಿಡಿದು ಅಲ್ಲೇ ಕುಳಿತೆ. ದಾಂಡೇಲಿಯ ಶೂಟಿಂಗ್ ಮಾಮಾ ನೆನಪಾದರು...

ಸುತ್ತಲಿನ ಮದುವೆಗಳನ್ನೆಲ್ಲ ವಿಡಿಯೋ ಮಾಡುತ್ತಿದ್ದವರು ಅವರು. ಹಾಲು ಕುಡಿಯುವ ಕೂಸಿನಿಂದ ಹಲ್ಲು ಬಿದ್ದ ಅಜ್ಜನವರೆಗೆ ಎಲ್ಲರಿಗೂ ಮಾಮಾ.

ಎರಡು ಸಾವಿರದ ನಾಲ್ಕೋ ಐದೋ ಇಸವಿ ಇರಬೇಕು. ನಾವು ಆಗ ಅಂಬಿಕಾನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ಚಿಗಳ್ಳಿಯಲ್ಲಿದ್ದ ನನ್ನವ್ವನ ಗಂಟಲಲ್ಲಿ ಗಂಟು ಕಾಣಿಸಿ, ಹುಬ್ಬಳ್ಳಿಯಲ್ಲಿ ಆಪರೇಶನ್ ನಿಗದಿಯಾಗಿತ್ತು. ಜೀವಕ್ಕೆ ಭಯವಿಲ್ಲ, ಆದರೆ ದನಿ ಮತ್ತೆ ಬರುವುದಿಲ್ಲ ಎಂದಿದ್ದರು ಡಾಕ್ಟರು. ಉಳಿದದ್ದು ಹದಿನೈದು ದಿನ. ಅವ್ವನ ಮಾತನ್ನು, ಮಾತಿನ ಜೊತೆ ಕುಣಿಯುವ ಅವಳ ಕೈಯನ್ನು, ಹೇಗಾದರೂ ಹಿಡಿದಿಟ್ಟುಕೊಳ್ಳಬೇಕೆಂಬ ಹಟ ನನಗೆ.

ಕ್ಯಾಮೆರಾ ಎಂದ ಕೂಡಲೇ ನಮ್ಮೆಜಮಾನರ ಕಿವಿ ನೆಟ್ಟಗಾಯಿತು. ಪೇಪರಿನ ಜಾಹೀರಾತು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರು. ಎಂಟುನೂರು ಪಟ್ಟು ಜೂಮ್! ಕಾಳಿ ನದಿಯ ಆಚೆ ದಂಡೆಯ ಮರದಲ್ಲಿ ಕೂತ ಮಂಗಟ್ಟೆ ಹಕ್ಕಿಯ ಕಣ್ಣೂ ಕಾಣುತ್ತದಂತೆ. ಅವ್ವನ ನೆಪದಲ್ಲಿ ಅವರಿಗೆ ಹಕ್ಕಿ.

ವಿಷಯ ಹೇಳಿದ್ದಕ್ಕೆ ಮಾಮಾ ನಮಗಾಗಿ ಹುಬ್ಬಳ್ಳಿಯಿಂದ ಕ್ಯಾಸೆಟ್ ಹಾಕುವ ಮೂರು ಡಿಜಿಟಲ್ ವಿಡಿಯೋ ಕ್ಯಾಮೆರಾ ತರಿಸಿ ತಮ್ಮ ಸ್ಟುಡಿಯೋದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ದುಬಾರಿಯದನ್ನು ಅವರೇ ಬದಿಗೆ ಸರಿಸಿದರು. "ಇದು ನಮ್ಮಂಥವರ ಹೊಟ್ಟಿಪಾಡಿಗ್ರಿ. ಮನೀಗೆ ಬ್ಯಾಡ." ಉಳಿದದ್ದು ಅಗ್ಗದ್ದು ಮತ್ತು ನಡುವಿನ ದರದ್ದು. ಎಂಟುನೂರರ ಜೂಮ್ ಇದ್ದದ್ದು ಅಗ್ಗದ್ದರಲ್ಲಿ. ನಮ್ಮೆಜಮಾನರು ಜೇಬಿನ ಜಾಹೀರಾತು ಹೊರತೆಗೆದು ಅದಕ್ಕೇ ಕೈ ಹಾಕಿದರು.

"ಅವ್ವಾರು ನಿಮ್ಮಿಂದ ಎಷ್ಟ ದೂರ ಕುಂದರತಾರ್ರಿ?" ಮಾಮಾ ನನ್ನನ್ನು ಕೇಳಿದರು.

"ಇಲ್ಲೇ... ಎರಡ ಮಾರು."

"ಹಂಗಾರ ಎಂಟನೂರು ಯಾಕ ಬೇಕು?"

ಅವರು ಕ್ಯಾಮೆರಾ ಆರಿಸಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ನನಗೆ ಹೆಡ್‌ಫೋನ್ ಹಾಕಿ "ಕಣ್ಣ ಮುಚ್ಚ್ರಿ" ಎಂದರು. ಅಗ್ಗದ್ದರಲ್ಲಿ ಮಾತಿನ ಹಿಂದೆ ಟೇಪು ತಿರುಗುವ ಸದ್ದು ಗುರ್ರ್ ಎನ್ನುತ್ತಿತ್ತು, ಹಿಟ್ಟಿನ ಗಿರಣಿಯಲ್ಲಿ ನಿಂತಂತೆ. ಅದಕ್ಕೆ ಹೊರಗಿನ ಮೈಕ್ ಸಿಕ್ಕಿಸುವ ತೂತೇ ಇರಲಿಲ್ಲ. ನಡುವಿನದಕ್ಕೆ ಇತ್ತು. ತಮ್ಮ ಪುಟ್ಟ ಮೈಕನ್ನು ಅದಕ್ಕೆ ಸಿಕ್ಕಿಸಿದರು. ಮುನಿಸಿಕೊಂಡ ನಮ್ಮೆಜಮಾನರು ಉಗುಳು ನುಂಗಿದ್ದೂ ಕೇಳಿಸಿತು.

ದನಿಯ ಮೇಲೆ ಇಷ್ಟೊಂದು ಕಾಳಜಿ ಯಾಕೆಂದು ಕೇಳಿಯೇಬಿಟ್ಟೆ. ಮಾಮಾ ಹಳೆಯ ಕ್ಯಾಸೆಟ್ಟೊಂದನ್ನು ಹಾಕಿದರು. ಅವರ ತಂಗಿಯ ಮದುವೆ, ಹಳಿಯಾಳದಲ್ಲಿ. ಒಬ್ಬ ಮುದುಕಿ ಬೀಗರ ಮುಂದೆ ಕೂತು ಹಾಡು ಹೇಳುತ್ತಿದ್ದಾಳೆ. ಸುತ್ತಲಿನವರು ಬಿದ್ದು ಬಿದ್ದು ನಗುತ್ತಿದ್ದಾರೆ. ಆದರೆ ಕೇಳುತ್ತಿದ್ದುದು ಮುದುಕಿಯ ಹಾಡಲ್ಲ, ಯಾವುದೋ ಸಿನಿಮಾದ ಹಾಡು. ಆಗ ಮದುವೆಯ ಕ್ಯಾಸೆಟ್ ಎಂದರೆ ಹಾಗೇ ಇರುತ್ತಿತ್ತು, ಎಲ್ಲರ ಮಾತಿನ ಮೇಲೂ ಸಿನಿಮಾ ಹಾಡು.

"ನಮ್ಮವ್ವ," ಎಂದರು ಮಾಮಾ. "ಆ ಸಿನಿಮಾ ಹಾಡು ನಾನs ಹಾಕಿದ್ದು. ಅಸಲ ಟೇಪಿನ ಮ್ಯಾಲ ಮುಂದಿನ ವಾರ ಬ್ಯಾರೆ ಮದವಿ ಹಿಡದೆ. ಬಾಯಿ ಆಡತೈತಿ, ನೋಡ್ರಿ... ಏನಂದಳೋ ಏನೋ."

ನಮ್ಮೆಜಮಾನರು ಜಾಹೀರಾತನ್ನು ಮಡಚಿ ಮತ್ತೆ ಜೇಬಿಗೆ ಸೇರಿಸಿದರು.

ನಡುವಿನದನ್ನೇ ಕೊಂಡೆವು. ಮೈಕನ್ನು ಮಾಮಾ ಪುಕ್ಕಟೆ ಕೊಟ್ಟರು. "ಹಿತ್ತಲದಾಗ ಗಾಳಿ ಹೊಡದ್ರ ಮಾತ ಕೆಡತೈತಿ" ಎನ್ನುತ್ತ, ಮುಂಡಗೋಡದ ಟಿಬೆಟಿಯನ್ನರ ಹತ್ತಿರ ಕೊಂಡಿದ್ದ ತಮ್ಮ ಚಳಿಗಾಲದ ಕೈಗವಸು ತೆಗೆದು ಕಿರುಬೆರಳನ್ನು ಕಚಕ್ಕೆಂದು ಕತ್ತರಿಸಿ ಮೈಕಿಗೆ ತೊಡಿಸಿದರು. ನಾನು ಬೇಡವೆನ್ನುವಷ್ಟರಲ್ಲಿ ಆಗಿಹೋಗಿತ್ತು. ಹೊಸ ಕ್ಯಾಸೆಟ್ ಹಾಕಿ, ಕ್ಯಾಮೆರಾದ ಜೊತೆ ತಾವೂ ಗೋಡೆಯ ಕಡೆ ಮುಖ ಮಾಡಿ ಒಂದು ಮಾತು ಹೇಳಿ ಪರೀಕ್ಷಿಸಿದರು.

ಚಿಗಳ್ಳಿಯ ಹಿತ್ತಲಲ್ಲಿ ಅವ್ವನನ್ನು ಕೂರಿಸಿ ಸೀರೆಯ ಸೆರಗಿಗೆ ಮೈಕ್ ಸಿಕ್ಕಿಸಿದೆ. "ಏನ ಹಚ್ಚೀದಿ ಸೀರಿಗೆ, ಕಂಬಳಿಹುಳಾ ಹಚ್ಚಿಧಂಗ?" ಎಂದೇ ಶುರುಮಾಡಿದಳು. ಒಂದು ತಾಸು ಬೈದಳು, ನಕ್ಕಳು, ಎಮ್ಮೆಯನ್ನು ಕೂಗಿದಳು. ನಡುವೆ ಒಮ್ಮೆ "ಸಾಕಿನ್ನ..." ಅಂದಳು. ಗಾಳಿ ಬೀಸುತ್ತಲೇ ಇತ್ತು. ಒಂದು ಮಾತೂ ಕೆಡಲಿಲ್ಲ.

ಆಪರೇಶನ್ ಆಯಿತು. ದನಿ ಹೋಯಿತು. ಅವ್ವ ಎಂಟು ವರ್ಷ ಬದುಕಿದಳು. ನಮ್ಮಲ್ಲಿಗೆ ಬಂದಾಗಲೆಲ್ಲ ಟೀವಿಯ ಕಡೆ ಬೆರಳು ತೋರಿಸುವಳು. ಕ್ಯಾಸೆಟ್ ಹಾಕಿದರೆ ಮೊದಲು ಗೋಡೆಯೊಂದು ಕಾಣುತ್ತಿತ್ತು, ಮಾಮಾರ ದನಿ ಬರುತ್ತಿತ್ತು: "ಅವ್ವಾ... ಕೇಳಸ್ತೈತೇನು?" ಕೇಳಿಸುತ್ತದೆ ಎಂಬಂತೆ ಅವ್ವ ಕೈ ಎತ್ತಿ ತಲೆಯಾಡಿಸುವಳು, ಆಮೇಲೆ ತಾನೇ ಬೈಯುವುದನ್ನು ಕೇಳಿ ಸದ್ದಿಲ್ಲದೆ ನಗುವಳು. ಆ ನಗೆಯನ್ನು ನನಗೆ ಕೊಟ್ಟವರು ಮಾಮಾ. ಇದನ್ನು ಅವರಿಗೆ ಹೇಳಬೇಕು ಹೇಳಬೇಕು ಅನ್ನುವಷ್ಟರಲ್ಲಿ ಅವರೂ ಹೋಗಿಬಿಟ್ಟರು. ಸ್ಟುಡಿಯೋ ಇದ್ದಲ್ಲಿ ಈಗ ಮೊಬೈಲ್ ಅಂಗಡಿ.

ಕೈಗವಸಿನ ಬೆರಳು ಸಿಕ್ಕ ಮೇಲೆ ಕ್ಯಾಸೆಟ್ಟಿನ ಚಿಂತೆ ಹತ್ತಿತು. ಧಾರವಾಡಕ್ಕೆ ಒಯ್ದು ಪೆನ್‌ಡ್ರೈವಿಗೆ ಹಾಕಿಸಿದೆ. ಅಂಗಡಿಯವರು ಕೇಳಿದರು, "ಶುರೂಕ ಬರೇ ಗ್ವಾಡಿ ಐತ್ರಿ, ಯಾರೋ ಟೆಸ್ಟಿಂಗ್ ಮಾಡ್ಯಾರ. ಕಟ್ ಮಾಡಿ, ಹಿಂದ ಒಂದ ಚಂದ ಮ್ಯೂಸಿಕ್ ಹಾಕಿಬಿಡ್ಲೇನ್ರಿ?"

"ಬ್ಯಾಡ್ರೀ!" ಎಂದು ಎಷ್ಟು ಜೋರಾಗಿ ಚೀರಿದೆನೆಂದರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮನೆಗೆ ಬಂದು ಹಚ್ಚಿದೆ. ಅದೇ ಗೋಡೆ. "ಅವ್ವಾ... ಕೇಳಸ್ತೈತೇನು?" ತಲೆಯಾಡಿಸಲು ಅವ್ವ ಇರಲಿಲ್ಲ. ನಾನೇ ಕೈ ಎತ್ತಿದೆ.