ನೀಲಿ ಗೋಡೆಯ ಬಿಸಿ

ದೆವ್ವ, ಗಾಳಿ, ಮಾಟದ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೇಳಿ ಹೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ಹಟ ಹಿಡಿಯುವುದಿಲ್ಲ. ಇಂಥವೆಲ್ಲ ಅಮಾವಾಸ್ಯೆಯ ರಾತ್ರಿಯೇ ಆಗುತ್ತವೆ ಎನ್ನುತ್ತಾರೆ. ನನಗಾದದ್ದು ಬೆಳಗಿನ ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ, ಹದಿನೈದು ಜನರ ಎದುರು.

ಮೂರು ವರ್ಷದ ಹಿಂದಿನ ಮಾತು. ಆಗ ರಾಯಚೂರಿನ ಒಂದು ತರಬೇತಿ ಸಂಸ್ಥೆಯಲ್ಲಿದ್ದೆ. ಕಟ್ಟಡದೊಳಗೆ ಬಿಸಿಲಿನ ಕಾವು ಎಲ್ಲಿಂದ ನುಗ್ಗುತ್ತದೆ, ಅದನ್ನು ತಡೆದು ಕೂಲರು, ಎಸಿಗಳ ಕರೆಂಟು ಹೇಗೆ ಉಳಿಸಬೇಕು ಎಂಬುದನ್ನು ಗೌಂಡಿಗಳಿಗೂ ಕೂಲಿಯವರಿಗೂ ಕಲಿಸುವ ಕೆಲಸ. ಅದಕ್ಕೆಂದು ಎರಡು ವಿಆರ್ ಹೆಡ್‌ಸೆಟ್ ಕೊಟ್ಟಿದ್ದರು. ಕಣ್ಣಿಗೆ ಕಟ್ಟಿಕೊಂಡರೆ ಎದುರಿಗೊಂದು ಮನೆ ನಿಲ್ಲುತ್ತದೆ, ಒಳಗೆ ನಡೆದಾಡಬಹುದು. ಕಾವು ಬರುವ ಜಾಗ ಕೆಂಪು, ತಂಪಾದ ಜಾಗ ನೀಲಿ. ಕಲಿಯುವವರು ಅದನ್ನು ಚಸ್ಮಾ ಎನ್ನುತ್ತಿದ್ದರು. ಆ ಎರಡು ಚಸ್ಮಾಗಳ ಚೀಲ ಹೆಗಲಿಗೇರಿಸಿ ವಾರಕ್ಕೆರಡು ಸಲ ದೇವದುರ್ಗ, ಎರಡು ಸಲ ಮಾನ್ವಿ. ಬಸ್ಸಿನಲ್ಲಿ ಸೀಟು ಸಿಕ್ಕರೆ ಪುಣ್ಯ. ಐವತ್ತು ದಾಟಿದ ಸೊಂಟ ಸಾಕಪ್ಪಾ ಸಾಕು ಅನ್ನುತ್ತಿತ್ತು.

ದೇವದುರ್ಗದ ತಂಡದಲ್ಲಿ ಜಾಲಹಳ್ಳಿಯ ಹುಲಿಗೆಮ್ಮ ಎಂಬಾಕೆ ಇದ್ದಳು. ನಲವತ್ತರ ಹತ್ತಿರ ವಯಸ್ಸು. ಇಪ್ಪತ್ತು ವರ್ಷ ತಲೆಯ ಮೇಲೆ ಉಸುಕು, ಕಾಂಕ್ರೀಟು ಹೊತ್ತು ಕುತ್ತಿಗೆಯ ಮೂಳೆ ಸವೆದಿತ್ತು. ಇನ್ನು ಭಾರ ಹೊರಬೇಡ ಎಂದು ಡಾಕ್ಟರು ಹೇಳಿದ್ದರಂತೆ. ರಾಯಚೂರಿನ ಒಂದು ಹಾಸ್ಟೆಲಿನ ಮಾಳಿಗೆಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುವ ಕೆಲಸ ಬರುವುದಿತ್ತು. ನಮ್ಮ ಸರ್ಟಿಫಿಕೇಟು ಇದ್ದವರ ಕೈಗಷ್ಟೇ ಬ್ರಷ್ಷು ಕೊಡುವೆನೆಂದು ಗುತ್ತಿಗೆದಾರ ಮೊದಲೇ ತಿಳಿಸಿದ್ದ. "ಬುಟ್ಟಿ ಇಳಿಸಿ ಬ್ರಷ್ ಹಿಡದ್ರ ಸಾಕ್ರೀ ಸರ, ಮತ್ತೇನೂ ಬ್ಯಾಡ," ಎಂದು ಹುಲಿಗೆಮ್ಮ ಬಂದ ದಿನವೇ ಹೇಳಿದ್ದಳು.

ಮೊದಲ ಸಲ ಚಸ್ಮಾ ಕಟ್ಟಿದಾಗ ಆಕೆ ಆ ಇಲ್ಲದ ಮನೆಯ ಹೊಸ್ತಿಲ ಮುಂದೆ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಹೋದಳು. ತರಬೇತಿ ಕೋಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಇನ್ನೊಂದು ಚಾಳಿಯೂ ಇತ್ತು. ರೊಟ್ಟಿ ಹಾಕುವ ಮೊದಲು ಹಂಚಿನ ಕಾವು ನೋಡುತ್ತಾರಲ್ಲ, ಹಾಗೆ ಮುಂಗೈ ತಿರುಗಿಸಿ ಗೋಡೆ ಗೋಡೆಯ ಹತ್ತಿರ ಹಿಡಿಯುತ್ತಿದ್ದಳು. "ಯವ್ವಾ, ಕೈ ಆಡಸಬ್ಯಾಡ, ಕಣ್ಣಿಲೆ ನೋಡು. ಬಣ್ಣ ನೋಡಿ ಹೇಳು," ಎಂದು ನಾನು ಎಷ್ಟು ಸಲ ಒದರಿದೆನೋ.

ಪರೀಕ್ಷೆ ಸುಲಭದ್ದೇ. ಕಾಲು ಗಂಟೆಯಲ್ಲಿ ಆ ಮನೆಯೊಳಗೆ ಕಾವು ನುಗ್ಗುವ ಏಳು ಜಾಗ ಹುಡುಕಬೇಕು, ಆರು ಸಿಕ್ಕರೆ ಪಾಸು. ಅಂಕ ಕೊಡುವುದು ಯಂತ್ರ. ಹುಲಿಗೆಮ್ಮ ಐದನ್ನು ಚಕಚಕನೆ ಹುಡುಕಿದಳು. ಉಳಿದೆರಡು ಹಿಂದಿನ ಕೋಣೆಯಲ್ಲಿದ್ದವು. ಆದರೆ ಆಕೆ ಅಡುಗೆಮನೆಯ ಗೋಡೆಯ ಮುಂದೆ ನಿಂತುಬಿಟ್ಟಳು. "ಸರ, ಇಲ್ಲಿ ಉರಿ ಬಡ್ಯಾಕತ್ತದ. ಈ ಗ್ವಾಡಿ ಹಿಂದ ಯಾರೋ ಒಲಿ ಹಚ್ಯಾರ." ಆಕೆಗೆ ಕಾಣುವುದೆಲ್ಲ ನನ್ನ ಲ್ಯಾಪ್‌ಟಾಪಿನಲ್ಲೂ ಕಾಣುತ್ತಿತ್ತು. ಗೋಡೆ ನೀಲಿಯಾಗಿಯೇ ಇತ್ತು. ಮುಂದೆ ಹೋಗು ಎಂದರೂ ಹೋಗಲಿಲ್ಲ. ಹೊತ್ತು ಮುಗಿಯಿತು, ಫೇಲಾದಳು.

ಎರಡನೆಯ ಅವಕಾಶ ಕೊನೆಯದು. ಅದಕ್ಕಾಗಿ ಮರುವಾರ ಬಸ್ಸು ಬದಲಿಸಿ ಮಾನ್ವಿಗೆ ಬಂದಳು. ಊರು ಬೇರೆ, ತರಬೇತಿ ಕೋಣೆ ಬೇರೆ, ಈ ಸಲ ಕಟ್ಟಿದ್ದೂ ಇನ್ನೊಂದು ಚಸ್ಮಾ. ಸಂಕ್ರಾಂತಿಗೆ ಮುಂಚಿನ ದಿನಗಳಾದ್ದರಿಂದ ಕೋಣೆ ತಣ್ಣಗಿತ್ತು. ಐದು ಜಾಗ ಸಿಕ್ಕವು. ಮತ್ತೆ ಅದೇ ಗೋಡೆ, ಮತ್ತೆ ಅದೇ ಮುಂಗೈ.

"ಅದನ್ನ ಬಿಟ್ಟು ಮುಂದ ನಡಿ ಯವ್ವಾ, ನಿನ್ನ ಕೈ ಮುಗಿತೀನಿ!"

"ಇಷ್ಟು ಉರಿ ಬಿಟ್ಟು ಹ್ಯಾಂಗ ಹೋಗ್ಲಿ ಸರ? ದೊಡ್ಡದು ಮೊದಲು ಮುಚ್ಚಬೇಕು ಅಂತ ನೀವ ಕಲಿಸೀರಲ್ರೀ."

ಕಾಲು ಗಂಟೆ ಕಳೆಯಿತು. ನನಗೆ ಸಿಟ್ಟು ನೆತ್ತಿಗೇರಿತು. ಆಕೆಯ ಹುಚ್ಚು ಬಿಡಿಸೋಣವೆಂದು ಚಸ್ಮಾ ಕಸಿದು ನಾನೇ ಕಟ್ಟಿಕೊಂಡೆ. ಆಕೆ ನಿಂತಲ್ಲೇ ನಿಂತು, ಆಕೆಯ ಹಾಗೆಯೇ ಮುಂಗೈ ಚಾಚಿದೆ. ಉರಿಯುವ ಒಲೆಯ ಬಾಯಿಗೆ ಕೈ ಒಡ್ಡಿದಂತಾಯಿತು. ಚಟ್ಟನೆ ಕೈ ಹಿಂದೆಳೆದೆ. ಚಸ್ಮಾ ಬಿಚ್ಚಿ ಅದೇ ಜಾಗದಲ್ಲಿ ಕೈ ಆಡಿಸಿದೆ. ಬರೀ ಗಾಳಿ, ಅದೂ ತಂಪು. ಮತ್ತೆ ಕಟ್ಟಿಕೊಂಡು ಚಾಚಿದೆ. ನೀಲಿ ಗೋಡೆ, ಸುಡುವ ಬಿಸಿ. ನಿಜ ಹೇಳುತ್ತೇನೆ, ಹೆದರಿದೆ.

"ನಿಮಗೂ ಬಡೀತಲ್ರೀ ಸರ?" ಎಂದಳು ಹುಲಿಗೆಮ್ಮ.

ಹದಿನೈದು ಜನ ನನ್ನ ಮುಖವನ್ನೇ ನೋಡುತ್ತಿದ್ದರು. "ಇಲ್ಲ. ಏನಿಲ್ಲ. ನಿನಗ ಭ್ರಮಿ," ಎಂದೆ.

"ಹಂಗಾದ್ರ ಬೆರಳು ಯಾಕ ಊದಾಕತ್ತೀರಿ?"

ಹೌದು, ಊದುತ್ತಿದ್ದೆ. ಕೈಯನ್ನು ಜೇಬಿಗೆ ತುರುಕಿದೆ.

ಪರೀಕ್ಷೆಯ ಕಾಗದದ ಕೊನೆಗೆ ತರಬೇತುದಾರನ ಷರಾ ಎಂದು ಒಂದು ಖಾಲಿ ಜಾಗವಿತ್ತು. ಯಂತ್ರದಲ್ಲಿ ಏನಾದರೂ ಹೆಚ್ಚುಕಡಿಮೆ ಕಂಡರೆ ಅಲ್ಲಿ ಬರೆಯಬೇಕು. ಬರೆದರೆ ಮತ್ತೊಂದು ಅವಕಾಶ ಸಿಗುತ್ತಿತ್ತು. ಅಂದು ಸಂಜೆ ಪೆನ್ನು ಹಿಡಿದು ಕೂತೆ. ಇಲ್ಲದ ಗೋಡೆ ಕೈ ಸುಟ್ಟಿತು ಎಂದು ಬರೆಯಲೇ? ಕಚೇರಿಯಲ್ಲಿ ನಗೆಪಾಟಲಾಗುತ್ತಿದ್ದೆ. ನನ್ನದೂ ವರ್ಷ ವರ್ಷ ಮುಂದುವರಿಸುವ ನೌಕರಿ. ಬಸ್ಸಿಗೂ ಹೊತ್ತಾಗಿತ್ತು, ಮೈಯೂ ಸೋತಿತ್ತು. ಖಾಲಿ ಬಿಟ್ಟು ಸಹಿ ಹಾಕಿದೆ.

ಆಮೇಲೆ ಆ ಮನೆಯನ್ನು ಮಾಡಿಕೊಟ್ಟ ಎಂಜಿನಿಯರಿಗೆ ಫೋನು ಹಚ್ಚಿದೆ. ಚಸ್ಮಾ ತೋರಿಸಬಲ್ಲದು, ಕೇಳಿಸಬಲ್ಲದು, ಬಿಸಿ ಮುಟ್ಟಿಸಲಾರದು ಎಂದ. ಅದು ಯಾರ ಮನೆ ಎಂದು ಕೇಳಿದೆ. "ಯಾರದೂ ಅಲ್ಲ ಸರ್, ನಾವೇ ಕೂತು ಬರೆದದ್ದು," ಎಂದ. ಆ ಎರಡೂ ಚಸ್ಮಾ ಕಟ್ಟಿಕೊಂಡು ಅದೇ ಗೋಡೆಗೆ ಆಮೇಲೆ ಎಷ್ಟೋ ಸಲ ಕೈ ಒಡ್ಡಿದ್ದೇನೆ. ಒಮ್ಮೆಯೂ ಬಿಸಿ ತಾಗಲಿಲ್ಲ. ಯೋಚಿಸಿ ಯೋಚಿಸಿ ಸುಸ್ತಾಗಿದ್ದೇನೆ. ಬುದ್ಧಿಗೆ ಹೊಳೆದ ಒಂದು ಕಾರಣವೂ ಮನಸ್ಸಿಗೆ ಒಪ್ಪಲಿಲ್ಲ.

ಬೇಸಿಗೆ ಶುರುವಾದಾಗ ಆ ಹಾಸ್ಟೆಲಿನ ಕೆಲಸ ನೋಡಲು ನನ್ನನ್ನು ಕಳಿಸಿದರು. ಮಾಳಿಗೆಯ ಮೇಲೆ ನಾನು ಪಾಸು ಮಾಡಿದವರು ಬ್ರಷ್ಷು ಹಿಡಿದಿದ್ದರು. ಕೆಳಗೆ ಹುಲಿಗೆಮ್ಮ ಸಿಂಬಿಯ ಮೇಲೆ ಬುಟ್ಟಿ ಇಟ್ಟುಕೊಂಡು ಅವರಿಗೆ ಸಾಮಾನು ಹೊರುತ್ತಿದ್ದಳು. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಹತ್ತಿರ ಹೋಗಿ, "ಯವ್ವಾ, ಅವತ್ತು ನನಗೂ ಬಡದಿತ್ತು. ಏನಿತ್ತು ಅದು?" ಎಂದೆ.

ಆಕೆ ಸಿಟ್ಟೇನೂ ಮಾಡಲಿಲ್ಲ. "ನನಗೇನ್ ಗೊತ್ರೀ ಸರ. ಬಿಸಿ ಇತ್ತು, ಅಂದೆ. ನಿಮಗೂ ಇತ್ತು. ಕಾಗದದ ಮ್ಯಾಲ ಅಷ್ಟು ಬರದಿದ್ರ ಆಗ್ತಿತ್ತು."

ಅಷ್ಟರಲ್ಲಿ ಮೇಲಿನಿಂದ ಯಾರೋ ಕೂಗಿದರು. ಹುಲಿಗೆಮ್ಮ ಸಿಂಬಿ ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು.