ಅಕ್ಕಿ ಬಂತು, ಮರ ಎಲ್ಲಿ ಅಂತು

ಮುನಿರತ್ನಮ್ಮನವರ ಕವಿತೆಯನ್ನು ನಿಲ್ಲಿಸಿದವನು ನಾನು. ಮನೆಗೆಲಸ ಹೆಚ್ಚಾದ್ದರಿಂದ ಅವರೇ ಬರೆಯುವುದು ಬಿಟ್ಟರು ಎಂದು ನಮ್ಮ ಕಾವ್ಯಕೂಟದವರೆಲ್ಲ ನಂಬಿದ್ದಾರೆ — ಹಾಗೆ ನಂಬಿಸಿದವನೂ ನಾನೇ.

ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಮೊದಲು ಹಳಗನ್ನಡದ್ದೊಂದು ಪದ್ಯ, ಆಮೇಲೆ ಯಾರಾದರೂ ಬರೆದ ಹೊಸದು. ನಾನು ಕನ್ನಡ ಮೇಷ್ಟ್ರು. ಅರ್ಥ ಬಿಡಿಸುವ ಕೆಲಸ ನನ್ನದು. ಅವತ್ತು ಪದ್ಯದಲ್ಲಿ ‘ಪಕ್ಕಿ’ ಬಂತು. ಹಳೆಯ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು, ಪಾಲು ಹಾಲಾಯಿತು, ಪಕ್ಕಿ ಹಕ್ಕಿಯಾಯಿತು, ನುಡಿಗೆ ನಿಂತು ಗೊತ್ತಿಲ್ಲ — ಎಂದೆಲ್ಲ ಭಾವುಕನಾಗಿ ಹೇಳಿದೆ.

ಆಮೇಲೆ ಬಾಗಲೂರಿನ ಮುನಿರತ್ನಮ್ಮ ಎದ್ದರು. ತೋಟವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸಿದ ಮನೆತನ. ಐವತ್ತು ದಾಟಿದ ಮೇಲೆ ಬರೆದ ಮೊದಲ ಕವಿತೆ.

“ಅಕ್ಕಿ ಬಂತು, ಮರ ಎಲ್ಲಿ ಅಂತು. ನಾನು ಲಿಫ್ಟು ತೋರಿಸ್ದೆ.”

ಹಕ್ಕಿಯೇ ಅದು, ಆ ಕಡೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಎಂಥ ಸಾಲು! ನನ್ನೊಳಗೆ ಚುರುಕ್ ಎಂದಿತು — ಹೊಟ್ಟೆಕಿಚ್ಚೇ ಇರಬೇಕು.

“ಅಕ್ಕಿ ಬಂದ್ರೆ ಅನ್ನ ಮಾಡ್ಬೇಕು ಕಣ್ರೀ, ಲಿಫ್ಟ್ ಯಾಕೆ?” ಎಂದೆ.

ತಾರಸಿಯೆಲ್ಲ ಗೊಳ್ಳೆಂದಿತು. ಅವರೂ ನಕ್ಕರು, ಕಾಗದ ಮಡಚಿ ಕೂತುಬಿಟ್ಟರು. ಉಳಿದದ್ದನ್ನು ಓದಿ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿದ್ದ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದಿದೆ — ನಾನೂ ಅದೇ ಸೀಮೆಯವನು. “ಆಲು ಉಕ್ತಾ ಐತೆ, ನೋಡ್ಲಾ” ಎನ್ನುವ ಅವ್ವನಿಂದ ಮಾತು ಕಲಿತವನು. ಕಾಲೇಜಿನಲ್ಲಿ ನಕ್ಕರು ಅಂತ ಕನ್ನಡಿಯ ಮುಂದೆ ನಿಂತು ಹಕಾರ ರೂಢಿಸಿಕೊಂಡೆ. ಪಕ್ಕಿ ಹಕ್ಕಿಯಾದರೆ ಅದು ಭಾಷೆಯ ಇತಿಹಾಸ. ಹಕ್ಕಿ ಅಕ್ಕಿಯಾದರೆ ನಗೆಪಾಟಲು! ಥೂ, ನನ್ನ ಪಾಂಡಿತ್ಯಕ್ಕೆ ಬೆಂಕಿ ಹಾಕ.

ಅವರು ಈಗಲೂ ಬರುತ್ತಾರೆ, ಹಿಂದೆ ಕೂರುತ್ತಾರೆ. ಹೋದ ತಿಂಗಳು, ಏನಾದರೂ ಬರೆದಿರಾ ಎಂದು ಕೇಳಿದೆ.

“ಹಿಲ್ಲ ಸಾರ್,” ಎಂದರು, ಒಂದೊಂದೇ ಅಕ್ಷರವನ್ನು ಜೋಪಾನವಾಗಿ ಹಿಡಿದು. “ಹೀಗ ಬರೀತಿಲ್ಲ.”

ಬೇಡದ ಕಡೆಯಲ್ಲೆಲ್ಲ ಹಕಾರ. ಅದನ್ನು ಅವರ ಬಾಯಿಗೆ ತುರುಕಿದವನು ನಾನು.

ಈ ಭಾನುವಾರ ಮೊದಲು ನಾನೇ ಎದ್ದು, ಅವ್ವನ ಮಾತಿನಲ್ಲೇ ಇದನ್ನೆಲ್ಲ ಹೇಳುತ್ತೇನೆ. ನಗುವವರು ನಗಲಿ. ಆದರೆ ಲಿಫ್ಟು ತೋರಿಸಿದ ಮೇಲೆ ಆ ಹಕ್ಕಿ ಏನು ಮಾಡಿತು — ಅದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಮುಖ ಹೊತ್ತು ಕೇಳಲಿ?